ಒಲೆಯ ಮುಂದಿನ ಕಲ್ಲು

ಕಮಲಾಪುರದ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಮಾಸ್ತರ. ಪ್ರತಿ ವರ್ಷ ಮಕ್ಕಳಿಗೆ ಎರಡು ಕಲ್ಲು ತೋರಿಸುತ್ತೇನೆ. ಒಂದು ಶಾಲೆಯ ಹಿಂದೆಯೇ ಸಿಗುವ ಕರಿಕಲ್ಲು, ಇನ್ನೊಂದು ಕಲಬುರಗಿಯಿಂದ ಚೀಲದಲ್ಲಿ ಒಯ್ಯುವ ಶಹಾಬಾದ್ ಕಲ್ಲಿನ ತುಂಡು. ಆ್ಯಸಿಡ್ ಹನಿಸಿದರೆ ಕರಿಕಲ್ಲು ಸುಮ್ಮನಿರುತ್ತದೆ, ಶಹಾಬಾದ್ ಕಲ್ಲು ಬುಸುಬುಸು ನೊರೆಯುಗುಳುತ್ತದೆ. ಒಂದು ಕಾಲಕ್ಕೆ ಈ ಸೀಮೆಯಲ್ಲಿ ಸಮುದ್ರವಿತ್ತು, ತಳದಲ್ಲಿ ಸುಣ್ಣದ ಕೆಸರು ಪದರ ಪದರವಾಗಿ ಕೂತು ಗಟ್ಟಿಯಾಯಿತು, ಅದಕ್ಕೇ ಈ ಕಲ್ಲು ಹಲಗೆ ಹಲಗೆಯಾಗಿ ಏಳುತ್ತದೆ, ಹುಳಿ ತಾಗಿದರೆ ಕರಗುತ್ತದೆ ಎಂದು ಹೇಳಿ ಬೀಗುತ್ತೇನೆ.

ಇಷ್ಟೆಲ್ಲ ಗೊತ್ತಿದ್ದವನೇ ದಸರೆಗೆ ಮುಂಚಿನ ರವಿವಾರ ಮನೆ ತೊಳೆಯುವಾಗ ಕೆಡಿಸಿಟ್ಟೆ. ಕಲಬುರಗಿಯ ಶಹಾಬಜಾರದ ನಮ್ಮ ಮನೆಯ ನೆಲವೆಲ್ಲ ಅದೇ ಕಲ್ಲು, ಅಪ್ಪ ಕೈಯಾರೆ ಹಾಸಿದ್ದು. ಒಲೆಯ ಮುಂದಿನ ಕಲ್ಲಿಗೆ ಎಣ್ಣೆಯ ಜಿಡ್ಡು ಹತ್ತಿತ್ತು. ಬಚ್ಚಲು ತೊಳೆಯುವ ಆ್ಯಸಿಡ್ ಸುರಿದೆ. ನೊರೆ ಎದ್ದಾಗ ಕೊಳೆ ಹೋಗುತ್ತಿದೆ ಅಂದುಕೊಂಡೆ! ತಲೆ ಎಲ್ಲಿಟ್ಟಿದ್ದೆನೋ. ನೀರು ಹಾಕಿ ನೋಡಿದರೆ ಜಿಡ್ಡಿನ ಜೊತೆ ನುಣುಪೂ ಹೋಗಿ ಕಲ್ಲು ಬಿಳಿಚಿಕೊಂಡು ತರಿತರಿಯಾಗಿತ್ತು.

ಅವ್ವನ ಎರಡೂ ಕಣ್ಣು ಪೂರ್ತಿ ಹೋಗಿವೆ. ಮನೆಯಲ್ಲಿ ಓಡಾಡುವುದು ಅಂಗಾಲಿನ ಗುರುತಿನ ಮೇಲೆ. ಬಾಗಿಲಲ್ಲಿ ಸೀಳಿದ ಕಲ್ಲು, ನಡುಮನೆಯಲ್ಲಿ ಅಲುಗಾಡುವ ಕಲ್ಲು, ಒಲೆಯ ಮುಂದೆ ಅವಳ ಕಾಲಲ್ಲೇ ಸವೆದ ಬೆಣ್ಣೆಯಂಥ ನುಣುಪು. ಅದು ಸಿಕ್ಕಲ್ಲಿ ನಿಂತು, ಕೈ ಚಾಚಿ ಒಲೆಯ ಕಟ್ಟೆ ಹಿಡಿದು, ಚಹಾ ತಾನೇ ಕಾಸುತ್ತಾಳೆ. ಆ ಕೆಲಸ ಇನ್ನೊಬ್ಬರಿಗೆ ಬಿಡುವವಳಲ್ಲ.

ಅವತ್ತು ಸಂಜೆ ಅವಳು ನಿಲ್ಲಲಿಲ್ಲ. ನೇರ ಹೋಗಿ ಕಟ್ಟೆಗೆ ಬಡಿದಳು.

"ನಾ ಎಲ್ಲಿ ಬಂದೀನಿ ತಮ್ಮಾ?"

ನಾಚಿಕೆಯಿಂದ ನಡೆದದ್ದು ಹೇಳಿದೆ.

"ಸಾಲ್ಯಾಗ ಇದನ್ನೇ ಕಲಸ್ತಿ ಅಲ್ಲ?"

"ಹೌದವ್ವಾ."

"ಭಾಳ ಶಾಣ್ಯಾ ಇದ್ದಿ ಬಿಡು."

ಮಶಿನ್ ತರಿಸಿ ನೆಲಕ್ಕೆಲ್ಲ ಪಾಲಿಶ್ ಮಾಡಿಸುತ್ತೇನೆ ಎಂದೆ. ಅವ್ವ ಸಿಟ್ಟಾದಳು. "ಎಲ್ಲಾ ಕಲ್ಲೂ ಒಂದೇ ಥರ ಆದ್ರ ನನಗ ಒಲಿ ಯಾವದು, ಬಚ್ಚಲ ಯಾವದು ಹ್ಯಾಂಗ ತಿಳೀಬೇಕೋ? ಇದ್ದಂಗ ಇರಲಿ. ಮುಟ್ಟಬ್ಯಾಡ."

ಮರುದಿನ ಬೆಳಿಗ್ಗೆ ನಾನು ಕಮಲಾಪುರದ ಬಸ್ಸಿಗೆ ಹೊರಟಾಗ ಅವ್ವ ಬಾಗಿಲಿನಿಂದ ಒಲೆಯವರೆಗೆ ನಡೆದು, ತಿರುಗಿ ಬಂದು, ಮತ್ತೆ ನಡೆಯುತ್ತಿದ್ದಳು. ಎರಡು ಸಲ ಕಟ್ಟೆಗೆ ತಾಗಿದಳು. ಮೂರನೆಯ ಸಲ ಅಂಗಾಲಿಗೆ ತರಿ ಹತ್ತಿದ ಕೂಡಲೇ ನಿಂತಳು, ಕೈ ಚಾಚಿದಳು, ಕಟ್ಟೆ ಸಿಕ್ಕಿತು.

"ನಿಂದರು," ಎಂದಳು, "ಚಹಾ ಕುಡದ ಹೋಗು."