ಟ್ಯಾಂಕಿನಲ್ಲಿ ಕರಿಮೆಣಸು

ಗೆಳೆಯರೇ, ಪ್ರವಾಸಿಗರಿಗೆ ಜಲಾಶಯ ಸುತ್ತಿಸುವ ನಮ್ಮ ಪುಟ್ಟ ಬೋಟಿಗೆ ಇಂದು ಕಕ್ಕಸು ಕೂರಿಸಬೇಕಿತ್ತು. ಹೊಲಸು ನೀರಿಗೆ ಸೇರದಂತೆ ಹಿಡಿದಿಡುವ ಟ್ಯಾಂಕನ್ನು ಕಲ್ಪೆಟ್ಟ ಪೇಟೆಯಿಂದ ತಂದು ಜಗಲಿಯಲ್ಲಿಟ್ಟಿದ್ದೆ. ಬೆಳಿಗ್ಗೆ ಎತ್ತಲು ಹೋದರೆ ಅಲುಗಲಿಲ್ಲ. ಒಳಗೆ ಅಮ್ಮ ಒಣಗಿಸಿದ ಕರಿಮೆಣಸು.

"ಮುಚ್ಚಳ ಗಟ್ಟಿ ಉಂಟು, ತೇವ ಒಳಗೆ ಹೋಗೋದಿಲ್ಲ. ಅದ್ಕೇ ತುಂಬ್ದೆ" ಎಂದಳು.

"ಅಮ್ಮಾ, ಅದು ಕಕ್ಕಸಿನ ಟ್ಯಾಂಕು. ನಾಳೆ ಬೋಟಿಗೆ ಜನ ಬರ್ತಾರೆ."

"ಸಾರಮಿಲ್ಲ ಮಗಾ, ಏನೂ ಆಗೋದಿಲ್ಲ. ನಾಳೆ ಒಂದಿನ ಅವ್ರೂ ನೀರು ಕುಡೀದೆ ಬರ್ಲಿ. ಇಷ್ಟು ವರ್ಷ ನಿನ್ನ ಬೋಟಲ್ಲಿ ಟಿಕೆಟ್ ಹರೀತಾ ನಾನು ಹಾಗೇ ಕೂತಿಲ್ವಾ?"

ಮಧ್ಯಾಹ್ನದವರೆಗೆ ಕುಳಿತು ಮೆಣಸನ್ನೆಲ್ಲ ಗೋಣಿಗೆ ತುಂಬಿ, ಟ್ಯಾಂಕು ಕೂರಿಸಿದೆ.

ಕಕ್ಕಸಿನ ಉದ್ಘಾಟನೆ ನಾಳೆ. ಮುಖ್ಯ ಅತಿಥಿ ಅಮ್ಮ. ಒಳಗೆ ಸೀನು ಬಂದರೆ ಅವಳದೇ ಮೆಣಸು.