ಅಲ್ಲಾಡದೆ ನಿಲ್ಲುವುದು

ಮಳೆಗಾಲದಲ್ಲಿ ಕ್ಯಾಮೆರಾ ಚೀಲಕ್ಕೆ ಒಂದು ವಾಸನೆ ಬರುತ್ತದೆ. ನೆನೆದ ಗೋಣಿಯದ್ದೂ ಅಲ್ಲ, ಹಳೆಯ ಕೊಡೆಯದ್ದೂ ಅಲ್ಲ, ಎರಡರ ನಡುವಿನದು. ಈ ಬೆಳಿಗ್ಗೆ ಚೂರು ಬಿಸಿಲು ಕಂಡಿತೆಂದು ಚೀಲದ ಬಾಯಿ ತೆರೆದು ಹಿತ್ತಲ ಕಲ್ಲಿನ ಮೇಲಿಟ್ಟೆ. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಮೂಗು ಮುಚ್ಚಿಕೊಂಡು, "ಏನಕ್ಕಾ ಅದು, ಇಲಿ ಸತ್ತೈತಾ?" ಎಂದಳು. ನನಗೆ ಮಾತ್ರ ಆ ವಾಸನೆಯ ಜೊತೆಗೇ ನೀರು ಬೀಳುವ ಸದ್ದೂ ಕೇಳುತ್ತದೆ.

ಫೋಟೊ ತೆಗೆಯುವುದು ನನ್ನ ಕಸುಬಲ್ಲ. ಮಿರ್ಲೆಯ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟು ನಿವೃತ್ತಳಾದವಳು ನಾನು. ಕಸುಬು ನಮ್ಮ ಯಜಮಾನರದು. ಸಾಲಿಗ್ರಾಮದಲ್ಲಿ ಇವರದೊಂದು ಪುಟ್ಟ ಸ್ಟುಡಿಯೊ ಇತ್ತು. ಅತ್ತ ಕೆ.ಆರ್. ನಗರ, ಇತ್ತ ಹುಣಸೂರಿನವರೆಗೆ ಮದುವೆಗಳಿಗೆ ಇವರನ್ನು ಕರೆಯುತ್ತಿದ್ದರು. ತಾಳಿ ಕಟ್ಟುವಾಗ ಓಲಗ, ಅಕ್ಷತೆ, ನೂಕಾಟ, ಅಡ್ಡ ಬರುವ ತಲೆಗಳು, ಇಷ್ಟರ ನಡುವೆ ಒಂದು ಗಳಿಗೆ ಸಂದು ಸಿಗುತ್ತದಂತೆ. ಆ ಸಂದನ್ನು ಇವರು ತಪ್ಪಿಸಿಕೊಂಡದ್ದೇ ಇಲ್ಲ.

ಆಮೇಲೆ ಬಲಗೈ ನಡುಗತೊಡಗಿತು. ಮೊದಲು ಗೊತ್ತಾದದ್ದು ಟೀ ಲೋಟದಿಂದ. ತಟ್ಟೆಯ ಮೇಲೆ ಅದು ಕಿಣಿಕಿಣಿ ಎಂದಾಗ, "ಏನ್ರೀ, ಚಳೀನಾ?" ಎಂದು ನಕ್ಕಿದ್ದೆ. ಮೈಸೂರಿನ ಡಾಕ್ಟರು ನರದ ಕಾಯಿಲೆ ಎಂದರು. ಮಾತ್ರೆ ನುಂಗಿದರೆ ಹತೋಟಿಯಲ್ಲಿರುತ್ತದೆ, ಪೂರ್ತಿ ಹೋಗುವುದಿಲ್ಲ. ಇವರು ಯಾರಿಗೂ ಹೇಳದೆ ಮದುವೆಗಳಿಗೆ ಹೋಗುತ್ತಲೇ ಇದ್ದರು. ಹನಗೋಡಿನ ಒಂದು ಮದುವೆಯಲ್ಲಿ ಗುಟ್ಟು ಬಯಲಾಯಿತು. ಧಾರೆಯ ಫೋಟೊ ಒಂದೂ ನೆಟ್ಟಗೆ ಬಂದಿರಲಿಲ್ಲ. ಹುಡುಗಿಯ ಅಪ್ಪ ಬೈದಿದ್ದರೆ ಚೆನ್ನಾಗಿತ್ತು. ಅವರು ಇವರ ಕೈಯನ್ನೊಮ್ಮೆ ನೋಡಿ, "ಬುಡಿ ಸಾರ್, ಫೋಟೊ ತಾನೆ," ಎಂದರಂತೆ. ಆ ಕನಿಕರ ಇವರಿಗೆ ಸಹಿಸಲಾಗಲಿಲ್ಲ. ಸ್ಟುಡಿಯೊ ಮುಚ್ಚಿದರು. ನೆಂಟರ ಮದುವೆಗೂ ಹೋಗುವುದನ್ನು ಬಿಟ್ಟರು. ಬಲಗೈಯನ್ನು ಟವಲಿನೊಳಗೆ ಸುತ್ತಿಟ್ಟುಕೊಂಡು ಜಗಲಿಯ ಮೇಲೆ ಕೂತರೆ, ಊಟಕ್ಕೆ ಕರೆಯುವವರೆಗೆ ಏಳುತ್ತಿರಲಿಲ್ಲ.

ಆ ಮಳೆಗಾಲದಲ್ಲಿ ಕಾವೇರಿ ತುಂಬಿದಳು. ಚುಂಚನಕಟ್ಟೆಯಲ್ಲಿ ನೀರು ಧುಮುಕುವುದನ್ನು ನೋಡಲು ಊರೆಲ್ಲ ಹೋಗುತ್ತಿತ್ತು. ಜಗಲಿಯನ್ನು ನೋಡಿ ನೋಡಿ ಸಾಕಾಗಿದ್ದ ನಾನು, ಶಾಲೆಗೆ ಹೋಗಲು ಕೊಂಡಿದ್ದ ಸ್ಕೂಟರನ್ನು ಹೊರಗೆ ತೆಗೆದು, "ನೀವು ಬರ್ದೆ ಇದ್ರೆ ಒಬ್ಳೇ ಓಯ್ತೀನಿ," ಎಂದೆ. ನನ್ನ ಸ್ಕೂಟರ್ ಸವಾರಿಯ ಮೇಲೆ ಇವರಿಗೆ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ಆ ಭಯಕ್ಕೇ ಎದ್ದು ಬಂದರೆಂದು ನನ್ನ ಅನುಮಾನ. ಶಾಲೆಗಳ ಗ್ರೂಪ್ ಫೋಟೊಗೆ ಬಳಸುತ್ತಿದ್ದ ಮೂರು ಕಾಲಿನ ಸ್ಟ್ಯಾಂಡನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಹಿಂದೆ ಕೂತರು.

ಬಂಡೆಯ ಮೇಲೆ ಸ್ಟ್ಯಾಂಡು ನಿಲ್ಲಿಸಿ, ಕ್ಯಾಮೆರಾ ಕೂರಿಸಿ, ಲೆನ್ಸಿಗೆ ಒಂದು ಕಪ್ಪು ಗಾಜು ತೊಡಿಸಿದರು. ಬೆಳಕು ಕಡಿಮೆ ಮಾಡಿದರೆ ಕ್ಯಾಮೆರಾದ ಕಣ್ಣನ್ನು ಹೆಚ್ಚು ಹೊತ್ತು ತೆರೆದಿಡಬಹುದಂತೆ. ಅಷ್ಟು ಹೊತ್ತಿನ ನೀರೆಲ್ಲ ಒಂದೇ ಫೋಟೊದಲ್ಲಿ ಸೇರುತ್ತದಂತೆ. ಗುಂಡಿ ಒತ್ತಿ ಕೈ ತೆಗೆದ ಮೇಲೆ, ಸ್ವಲ್ಪ ತಡೆದು, ಕ್ಯಾಮೆರಾ ತಾನಾಗಿಯೇ ಫೋಟೊ ತೆಗೆದುಕೊಳ್ಳುವ ಹಾಗೆ ಮಾಡಿದ್ದರು. ಕೈ ನಡುಗಿದರೂ ಚಿಂತೆಯಿರಲಿಲ್ಲ. ಚಿಂತೆ ನನ್ನದೇ ಆಯಿತು. ನೀರು ನೋಡಿದ ಸಂತೋಷಕ್ಕೆ ನಾನು ಅತ್ತಿತ್ತ ಓಡಾಡುತ್ತಿದ್ದೆ.

"ಒಂದ್ ಕಡೆ ನಿಂತ್ಕ ಮಾರಾಯ್ತಿ. ನೀನು ನಡುದ್ರೆ ಬಂಡೆನೇ ಅಲ್ಲಾಡ್ತದೆ!"

ನನ್ನ ಗಾತ್ರದ ಮೇಲಿನ ಮಾತು. ಆದರೆ ಎಷ್ಟೋ ತಿಂಗಳ ಮೇಲೆ ಇವರು ತಮಾಷೆ ಮಾಡಿದ್ದು. ಉಸಿರು ಬಿಗಿಹಿಡಿದು ನಿಂತೆ. ಫೋಟೊದಲ್ಲಿ ಆ ಅಬ್ಬರದ ನೀರು, ಒಗೆದು ಬಂಡೆಗೆ ಇಳಿಬಿಟ್ಟ ಬಿಳಿ ಪಂಚೆಯಂತೆ ಮೆತ್ತಗೆ ಬಂದಿತ್ತು. ಬಂಡೆಗಳು ಮಾತ್ರ ಇದ್ದಲ್ಲೇ ಇದ್ದವು. ಪಂಚೆಯ ಹೋಲಿಕೆ ಹೇಳಿದ್ದಕ್ಕೆ ಇವರು, "ನಿನ್ಗೆ ಒಗೆಯೋದು ಬುಟ್ರೆ ಬ್ಯಾರೆ ಗ್ಯಾನ ಇಲ್ವೇನೆ?" ಎಂದರು.

ಆಮೇಲೆ ಜಗಲಿ ಖಾಲಿಯಾಯಿತು. ಮೋಡ ಕಂಡರೆ ಸಾಕು, ಸ್ಟ್ಯಾಂಡು ಹೊರಗೆ ಬರುತ್ತಿತ್ತು. ಹನಗೋಡಿಗೆ ಮಾತ್ರ ಬೇಡ ಎನ್ನುತ್ತಿದ್ದರು. ಅಲ್ಲಿ ಲಕ್ಷ್ಮಣತೀರ್ಥ ಹೊಳೆಗೆ ಕಟ್ಟಿರುವ ಅಣೆಕಟ್ಟೆಯ ಮೇಲೆ ನೀರು ಒಂದೇ ಸಮನೆ ಹಾಸಿಕೊಂಡು ಬೀಳುತ್ತದೆಂದು ಇವರಿಗೂ ಗೊತ್ತಿತ್ತು. ಕೊನೆಗೆ ಆಸೆಯೇ ಗೆದ್ದಿತು. ನಾವು ಹೋದದ್ದು ಗೌರಿ ಹಬ್ಬದ ಮಾರನೆಯ ದಿನ. ನೀರಿನ ಬಳಿ ಬಾಗಿನ ಹಿಡಿದ ಹೆಂಗಸರಿದ್ದರು. ಅವರಲ್ಲೊಬ್ಬಳು ಇವರನ್ನೇ ದಿಟ್ಟಿಸಿ ನೋಡಿ ಹತ್ತಿರ ಬಂದಳು.

"ನಮ್ ಮದ್ವೆಗೆ ಬಂದಿದ್ದ ಫೋಟೊದೋರಲ್ವಾ ನೀವು? ನಾನು ಸವಿತಾ."

ಇವರ ಬಲಗೈ ತಾನಾಗಿ ಟವಲಿನೊಳಗೆ ಹೋಯಿತು. ಹಿಂದೆಯೇ ಬಂದ ಅವಳ ಅಪ್ಪ, "ಬುಡವ್ವಾ, ಹಳೇದು ಯಾಕೆ," ಎಂದರು.

"ಇರಪ್ಪ, ಹೇಳ್ತೀನಿ. ನಂಗೆ ಬಾಳ ಬೇಜಾರಾಗಿತ್ತು ಸಾರ್. ಅತ್ತೂಬುಟ್ಟಿದ್ದೆ. ನೀವಾದ್ರೂ ಮೊದ್ಲೇ ಒಂದ್ ಮಾತು ಹೇಳ್ಬೋದಿತ್ತು."

ಯಾರೂ ಇವರೊಡನೆ ಅಷ್ಟು ನೇರವಾಗಿ ಮಾತಾಡಿರಲಿಲ್ಲ, ನಾನೂ ಸೇರಿ. ಇವರು ತಲೆ ತಗ್ಗಿಸಿ, "ಹೇಳ್ಬೇಕಿತ್ತು ಕಣವ್ವಾ. ಹೇಳುದ್ರೆ ಯಾರೂ ಕರೆಯಾಕಿಲ್ಲ ಅನ್ನೋ ಭಯ," ಎಂದರು.

ಸವಿತಾ ದೂರದಲ್ಲಿದ್ದ ಗಂಡನನ್ನು ಕೂಗಿ ಕರೆದಳು. "ಈಗ ಒಂದು ತೆಗೀರಿ ಸಾರ್. ಸ್ಟ್ಯಾಂಡ್ ಐತಲ್ಲ."

ಇವರು ಟವಲಿನಿಂದ ಕೈ ಹೊರತೆಗೆದರು, ಎಲ್ಲರೆದುರಿಗೇ. ನಡುಗುವ ಬೆರಳಿನಲ್ಲಿ ತಿರುಪು ಬಿಗಿಮಾಡಲು ಸುಮಾರು ಹೊತ್ತು ಹಿಡಿಯಿತು. ಯಾರೂ ನೆರವಿಗೆ ಹೋಗಲಿಲ್ಲ. ಅದು ಒಳ್ಳೆಯದೇ ಆಯಿತು. "ಕಲ್ಲಿನಂಗೆ ನಿಂತ್ಕಬೇಕು, ಉಸ್ರೂ ಬುಡ್ಬಾರ್ದು," ಎಂದರು. ಮೊದಲನೆಯ ಸಲ ಗಂಡ ನಕ್ಕು ಕೆಡಿಸಿದ. ಎರಡನೆಯದು ಬಂತು: ಹಿಂದೆ ನೊರೆಯೆಲ್ಲ ಒಂದಾದ ಬಿಳಿ ನೀರು, ಮುಂದೆ ಇಬ್ಬರ ಮುಖಗಳೂ ನೆಟ್ಟಗೆ. ಸವಿತಾ ನೋಡಿದಳು, ಅಪ್ಪನಿಗೆ ತೋರಿಸಿದಳು, ಮತ್ತೆ ನೋಡಿದಳು. "ಇದ್ನ ದೊಡ್ದಾಗಿ ಮಾಡ್ಕೊಡಿ," ಎಂದಳು.

ವಾಪಸು ಬರುವಾಗ ಇವರು ಹಿಂದಿನಿಂದ ಕೇಳಿದರು, "ನಿಮ್ಮಣ್ಣನ ಮಗಳ ಮದ್ವೆ ಯಾವತ್ತು ಅಂದೆ?" ಆ ಮದುವೆಗೆ ಹೋದೆವು. ಪಂಕ್ತಿಯಲ್ಲಿ ಕೂತು, ಎಲೆಯ ಸುತ್ತ ಸಾರು ಚೆಲ್ಲಿಕೊಂಡೇ ಊಟ ಮಾಡಿದರು.

ಈಗ ಎಡಗೈಯೂ ನಡುಗುತ್ತದೆ. ಕ್ಯಾಮೆರಾ ಕೂರಿಸುವುದು, ಗಾಜು ತೊಡಿಸುವುದು ನನ್ನ ಪಾಲಿಗೆ ಬಂದಿದೆ. ಇವರು ಪಕ್ಕದಲ್ಲಿ ಕೂತು ತಪ್ಪು ಹುಡುಕುತ್ತಾರೆ. ಮೊನ್ನೆ ಭಾನುವಾರ ಚುಂಚನಕಟ್ಟೆಯಲ್ಲಿ, "ಹೋಗಿ ಅಲ್ ನಿಂತ್ಕಳಿ, ನಿಮ್ದೊಂದು ತೆಗಿತೀನಿ," ಎಂದೆ. ಕೈ ಜೇಬಿಗೆ ಹಾಕಿಕೊಳ್ಳಿ ಎಂದರೆ ಕೇಳಲಿಲ್ಲ, ಇಳಿಬಿಟ್ಟುಕೊಂಡೇ ನಿಂತರು. ಫೋಟೊದಲ್ಲಿ ಇವರ ಮುಖ, ಅಂಗಿಯ ಗುಂಡಿ, ಕಾಲ ಕೆಳಗಿನ ಬಂಡೆ, ಎಲ್ಲ ಸ್ಪಷ್ಟವಾಗಿದ್ದವು. ಕೈಗಳೆರಡು ಮಾತ್ರ ಹಿಂದಿನ ನೀರಿನ ಹಾಗೆ ಹೊಗೆಯಾಗಿದ್ದವು. ಇವರು ಹತ್ತಿರ ಬಂದ ಮೇಲೆ ತೋರಿಸಿದೆ.

"ಅಳಿಸ್ಬುಡ್ಲಾ?"

ಇವರು ಕನ್ನಡಕ ಹಣೆಗೇರಿಸಿ, ಕ್ಯಾಮೆರಾದ ಹತ್ತಿರ ಬಗ್ಗಿ ಬಹಳ ಹೊತ್ತು ನೋಡಿದರು.

"ಯಾಕೆ ಅಳಿಸ್ತೀಯ? ನಾನಿರೋದೇ ಹಿಂಗಲ್ವಾ. ಮುಖ ನೋಡು, ಎಷ್ಟ್ ನೆಟ್ಟಗೆ ಬಂದೈತೆ. ಚೆನ್ನಾಗ್ ತೆಗ್ದಿದ್ದೀಯ ಕಣೆ."

ನೀರಿನ ಸದ್ದಿನಲ್ಲಿ ಕೇಳಿಸಲಿಲ್ಲವೆಂದು ಸುಳ್ಳು ಹೇಳಿ, ಇನ್ನೊಮ್ಮೆ ಹೇಳಿಸಿದೆ.