ಹತ್ತರ ನಂತರದ ಎಣಿಕೆ

ಇಂಥ ಕಥೆಗಳನ್ನು ನಾನು ನಂಬಿದವಳಲ್ಲ. ನೈಟ್ ಡ್ಯೂಟಿ ಮುಗಿಸಿ ಬಂದ ನರ್ಸ್‌ಗಳು ಏನೋ ಕಂಡೆವು ಎಂದರೆ, ಮೊದಲು ಟೀ ಕುಡಿದು ಮಲಗಿ ಎನ್ನುತ್ತಿದ್ದೆ. ನೀವೂ ನನಗೆ ಹಾಗೇ ಹೇಳಬಹುದು, ಬೇಸರವಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಶಿವಮೊಗ್ಗದಿಂದ ಭದ್ರಾವತಿಯ ಒಂದು ಆಸ್ಪತ್ರೆಗೆ ಹೋಗಿ ನರ್ಸ್‌ಗಳಿಗೆ ತರಬೇತಿ ಕೊಡುತ್ತಿದ್ದೆ. ರೋಗಿಯ ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಹಾಕಿದ ಲೈನನ್ನು, ಅಂದರೆ ಔಷಧಿ ಹೋಗುವ ಸಣ್ಣ ಕೊಳವೆಯನ್ನು, ಜೋಪಾನ ಮಾಡುವುದು ಹೇಗೆಂಬುದೇ ಪಾಠ. ಔಷಧಿ ಕೊಡುವ ಮೊದಲು ಲೈನಿನ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಹದಿನೈದು ಎಣಿಸುವವರೆಗೆ ಉಜ್ಜಬೇಕು. ಮನಸ್ಸಿನಲ್ಲೇ ಎಣಿಸಿ ಎಂದರೆ ಎಲ್ಲರೂ ಕಳ್ಳಾಟ ಆಡುತ್ತಾರೆ. ಅದಕ್ಕೇ ಗಟ್ಟಿಯಾಗಿ ಎಣಿಸಬೇಕೆಂದು ನಿಯಮ ಮಾಡಿದವಳು ನಾನೇ.

ಆ ಮಧ್ಯಾಹ್ನ ಐಸಿಯುನಲ್ಲಿ ಮೂವರು ನರ್ಸ್‌ಗಳಿಗೆ ನೂರ್‌ಜಹಾನ್ ಎಂಬ ರೋಗಿಯ ಲೈನಿನ ಮೇಲೆ ಮಾಡಿ ತೋರಿಸುತ್ತಿದ್ದೆ. ಅವರ ಹಿಂದಿನ ಲೈನಿಗೆ ಸೋಂಕು ತಗುಲಿ ತೆಗೆದಿದ್ದರು. ಕೈಯಲ್ಲಿ ಸೂಜಿ ಹಾಕಲು ಒಂದು ನರವೂ ಸಿಗುತ್ತಿರಲಿಲ್ಲ. ಇದಕ್ಕೂ ಸೋಂಕಾದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಗಂಟಲಿನಲ್ಲಿ ವೆಂಟಿಲೇಟರಿನ ನಳಿಕೆ ಇತ್ತು, ಮಂಪರಿನ ಔಷಧಿ ಹೋಗುತ್ತಿತ್ತು. ಆ ನಳಿಕೆ ಇದ್ದಾಗ ಮನುಷ್ಯರ ದನಿ ಹೊರಡುವುದಿಲ್ಲ.

ಉಜ್ಜುತ್ತಾ ಎಣಿಸಿದೆ. ನನಗೋ ರೈಲು ಹಿಡಿಯುವ ಆತುರ. ಹತ್ತಕ್ಕೇ ನಿಲ್ಲಿಸಿ ಸಿರಿಂಜ್ ತೆಗೆದುಕೊಳ್ಳಲು ಕೈ ಚಾಚಿದೆ. ಬೇರೆಯವರು ಹೀಗೆ ಮಾಡಿದ್ದರೆ ಚೆನ್ನಾಗಿ ಉಗಿಯುತ್ತಿದ್ದೆ.

ಹನ್ನೊಂದು ಎಂದಿತು ಒಂದು ಹೆಣ್ಣು ದನಿ. ಆಮೇಲೆ ಹನ್ನೆರಡು, ಹದಿಮೂರು, ಸ್ವಲ್ಪವೂ ಅವಸರವಿಲ್ಲದೆ. ನನ್ನ ಕೈ ತಾನಾಗಿಯೇ ಮತ್ತೆ ಉಜ್ಜತೊಡಗಿತು. ಹದಿನೈದಕ್ಕೆ ದನಿ ನಿಂತಿತು.

ನನಗೆ ಮೊದಲು ಆದದ್ದು ಭಯವಲ್ಲ, ನಾಚಿಕೆ. ಎಲ್ಲರೂ ಮಾಸ್ಕ್ ಹಾಕಿದ್ದರಿಂದ ಈ ಮೂವರಲ್ಲೇ ಯಾರೋ ನನ್ನನ್ನು ತಿದ್ದಿದ್ದಾರೆ ಎಂದುಕೊಂಡೆ. ಹೊರಗೆ ಬಂದ ಮೇಲೆ ಯಾರೆಂದು ಕೇಳಿದರೆ ಮುಖ ಮುಖ ನೋಡಿಕೊಂಡರು. ಅವರಲ್ಲಿ ಹಿರಿಯಳಾದ ಸೆಲ್ವಿ ಮೆಲ್ಲಗೆ ಹೇಳಿದಳು: "ನಿಮ್ಗೆ ಹೇಳೋ ಧೈರ್ಯ ನಮಗೆಲ್ಲಿದೆ ಮೇಡಂ? ನೀವೇ ಎಣಿಸ್ತಿದ್ದೀರಿ ಅಂದ್ಕೊಂಡ್ವಿ."

ಲೈನಿಗೆ ಸೋಂಕು ತಗುಲಲಿಲ್ಲ. ಕೆಲವು ವಾರಗಳ ನಂತರ ನೂರ್‌ಜಹಾನ್ ವಾರ್ಡಿಗೆ ಬಂದಿದ್ದಾರೆ, ಮಾತಾಡುತ್ತಿದ್ದಾರೆ ಎಂದು ತಿಳಿಯಿತು. ರಜೆ ಹಾಕಿ ಹೋದೆ. ಹೇಗಿದ್ದೀರಮ್ಮ ಎಂದೆ. ನನ್ನ ಮುಖವನ್ನು ಅವರು ಎಂದೂ ಕಂಡವರಲ್ಲ, ಆದರೆ ದನಿ ಕೇಳಿದ್ದೇ ತಲೆಯೆತ್ತಿದರು.

"ಅವತ್ತು ನೀವು ಹತ್ತಕ್ಕೇ ಬಿಟ್ರಲ್ಲ ಸಿಸ್ಟರ್," ಎಂದರು. "ಆಮೇಲೆ ಎಣಿಸಿದ್ದು ಯಾರು?"

ಅದನ್ನೇ ಅವರನ್ನು ಕೇಳಲು ನಾನು ಶಿವಮೊಗ್ಗದಿಂದ ಹೋಗಿದ್ದೆ.